ಹನ್ನೆರಡೂ ನಲವತ್ತರ ಬಸ್ಸಿಗೆ ಕೊಟ್ಟ ಸುದ್ದಿ

೧೯೯೬ರ ಏಪ್ರಿಲ್ ತಿಂಗಳ ಒಂದು ಗುರುವಾರ, ನಾನು ಕೆಲಸ ಮಾಡುತ್ತಿದ್ದ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಮೂರು ಕಾಲಂಗಳ ಸುದ್ದಿಯೊಂದು ಬಂತು. ತಲೆಬರಹ: ‘ಚಿತ್ರತಂಡದ ಮೇಲೆ ಬಾವಲಿಗಳ ದಾಳಿ, ನಟನಿಗೆ ಗಾಯ’. ಬರೆದವನು ನಾನು. ಸುದ್ದಿಯಲ್ಲಿ ಹೇಳಿದ ದಾಳಿ ನಡೆದಿರಲಿಲ್ಲ.

ಆ ತಂಡ ಮಾರ್ಚ್ ಕೊನೆಗೆ ಗೋಕಾಕಕ್ಕೆ ಬಂದು ಬಸ್ ಸ್ಟ್ಯಾಂಡಿನ ಹಿಂದಿನ ಲಾಡ್ಜಿನಲ್ಲಿ ಇಳಿದಿತ್ತು. ಅವರು ತೆಗೆಯುತ್ತಿದ್ದದ್ದು ಭಯ ಹುಟ್ಟಿಸುವ ಚಿತ್ರ. ಒಂದು ಊರಿನವರು ಸುರಂಗಮದ್ದು ಇಟ್ಟು ಗುಡ್ಡ ಒಡೆಯುತ್ತಾರೆ. ಅಂದಿನಿಂದ ಎಮ್ಮೆಗಳು ಕರುವಿಗೂ ಹಾಲು ಬಿಡುವುದಿಲ್ಲ. ಇರುವೆಗಳು ಮನೆಯೊಳಗಿನಿಂದ ಹೊರಗೆ ಸಾಲು ಕಟ್ಟುತ್ತವೆ. ನಾಯಿಗಳು ಊರು ಬಿಟ್ಟು ಹೋಗುತ್ತವೆ. ಕೊನೆಗೆ ಒಂದು ಮಧ್ಯಾಹ್ನ ಆಕಾಶ ತುಂಬ ಬಾವಲಿಗಳು ಬಂದು ಜನರ ಮೇಲೆ ಎರಗುತ್ತವೆ. ಇದಿಷ್ಟು ಕಥೆಯನ್ನು ನಿರ್ದೇಶಕರು ನನಗೆ ಲಾಡ್ಜಿನ ಕೋಣೆಯಲ್ಲಿ ಕುಳಿತು ಹೇಳಿದರು. ಹೇಳುವ ರೀತಿ ಚೆನ್ನಾಗಿತ್ತು.

“ರಾತ್ರಿ ಬಂದ್ರೆ ಅದು ಬಾವಲಿ. ಹಗಲು ಬಂದ್ರೆ ಶಿಕ್ಷೆ. ನಂಗೆ ಹಗಲೇ ಬೇಕು,” ಎಂದರು.

ಅವರಿಗೆ ಸ್ಥಳೀಯವಾಗಿ ಜಾಗ ತೋರಿಸುವವನು, ಪರವಾನಗಿ ಕೊಡಿಸುವವನು, ಪತ್ರಿಕೆಯಲ್ಲಿ ಆಗಾಗ ಎರಡು ಸಾಲು ಬರೆಯುವವನು ಒಬ್ಬ ಬೇಕಾಗಿದ್ದ. ಈ ಮೂರೂ ನನ್ನಿಂದ ಆಗುತ್ತಿದ್ದವು. ದುಡ್ಡು ಕೊಡುತ್ತೇವೆಂದರು, ನಾನು ಬೇಡವೆಂದೆ. ವರದಿಗಾರ ದುಡ್ಡು ಮುಟ್ಟಬಾರದು ಎಂಬ ನಿಯಮ ಪಾಲಿಸಿದ ಹೆಮ್ಮೆ ಆಗ ನನಗಿತ್ತು. ಪ್ರತಿಯಾಗಿ ಪರದೆಯ ಮೇಲೆ ಕೃತಜ್ಞತೆಯ ಪಟ್ಟಿಯಲ್ಲಿ ನನ್ನ ಹೆಸರು, ಚಿತ್ರದಲ್ಲಿ ವರದಿಗಾರನ ಒಂದು ಪಾತ್ರ. ಪಾತ್ರಕ್ಕೆ ಒಂದೇ ಮಾತು: “ಸರ್, ಇದಕ್ಕೆಲ್ಲ ಕಾರಣ ಏನು?” ಆ ಒಂದು ಸಾಲನ್ನು ನಾನು ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಬಹಳ ಸಲ ಹೇಳಿ ನೋಡಿದ್ದೆ. ಯಾವುದಕ್ಕೆ ನಾನು ಬಿದ್ದೆ ಎಂಬುದು ಗೊತ್ತಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ಮೂರು ದಿನ ಹುಕ್ಕೇರಿಯ ಹಳೆಯ ಗುಮ್ಮಟಗಳಲ್ಲಿ ಚಿತ್ರೀಕರಣ. ಒಳಗೆ ಬಾವಲಿಗಳಿದ್ದವು, ಆದರೆ ಸಣ್ಣವು. ದೀಪ ಹಾಕಿದರೆ ಗೋಡೆಯ ಸಂದಿಗೆ ಸೇರಿಕೊಳ್ಳುತ್ತಿದ್ದವು. ಛಾಯಾಗ್ರಾಹಕರು ಕ್ಯಾಮೆರಾದ ಕಿಂಡಿಯಿಂದ ಕಣ್ಣು ತೆಗೆದು, “ಇವು ಗುಬ್ಬಿ ಥರ ಕಾಣ್ತವೆ ಸಾರ್, ಯಾರೂ ಹೆದರಲ್ಲ,” ಎಂದರು. ಮೂರನೆಯ ದಿನ ಊಟದ ಹೊತ್ತಿಗೆ ತಂಡದ ಮ್ಯಾನೇಜರ್ ನನ್ನ ಪಕ್ಕದಲ್ಲಿ ಬಂದು ಕುಳಿತರು. ಬೆಂಗಳೂರಿನವರು, ಯಾವಾಗಲೂ ಅವಸರದಲ್ಲಿರುವ ಮನುಷ್ಯ.

“ದೊಡ್ಡವು ಎಲ್ಲಿ ಸಿಗ್ತವೆ ಸಾರ್? ರೆಕ್ಕೆ ಬಿಚ್ಚಿದರೆ ಇಷ್ಟಗಲ ಇರ್ತವಲ್ಲ, ಅವು.”

ಯೋಚಿಸದೆ ಹೇಳಿದೆ, “ನನಗ ಗೊತ್ತೈತ್ರಿ.”

ಮೂಡಲಗಿ ಭಾಗದಲ್ಲಿ, ಕುಲಗೋಡದಿಂದ ಸ್ವಲ್ಪ ದೂರದ ಒಂದು ಊರು. ಹೆಸರು ಬರೆಯುವುದಿಲ್ಲ, ಆ ಊರಿನ ಹೆಸರನ್ನು ನಾನು ಒಮ್ಮೆ ಪತ್ರಿಕೆಯಲ್ಲಿ ಬರೆದು ಆಗಿದೆ. ಕಾಲುವೆಯ ದಂಡೆಗೆ ಎಂಟು ಹುಣಸೆ ಮರಗಳು. ಮೂರು ಒಂದು ಜೈನ ರೈತ ಕುಟುಂಬದ ಹೊಲದಲ್ಲಿ, ಐದು ಬಾಜೂಕಿನ ಗಾಂವಠಾಣ ಜಾಗದಲ್ಲಿ, ಅಂದರೆ ಪಂಚಾಯ್ತಿಯದು. ಎಂಟರ ತುಂಬ ತಲೆಕೆಳಗಾಗಿ ನೇತುಬಿದ್ದ ದೊಡ್ಡ ಬಾವಲಿಗಳು. ಆ ಕುಟುಂಬದ ಮಗ ಗೋಕಾಕದ ಕಾಲೇಜಿನಲ್ಲಿ ನನ್ನ ಜೊತೆ ಓದಿದವನು. ಅವನ ಮದುವೆಯಲ್ಲಿ ನಾನು ಅಲ್ಲಿಯ ಪದ್ಧತಿಯನ್ನು ಕಣ್ಣಾರೆ ಕಂಡಿದ್ದೆ. ಮೆರವಣಿಗೆ ಮೊದಲನೆಯ ಮರದ ಹತ್ತಿರ ಬರುತ್ತಿದ್ದಂತೆ ಬ್ಯಾಂಡಿನವರು ತಾವಾಗಿಯೇ ನಿಲ್ಲಿಸಿ, ವಾದ್ಯಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದರು. ಕಾಲುವೆಯ ಕಟ್ಟೆ ದಾಟಿದ ಮೇಲೆಯೇ ಮತ್ತೆ ಬಾರಿಸಿದ್ದು. ದೀಪಾವಳಿಗೆ ಆ ಕಡೆ ಪಟಾಕಿ ಇಲ್ಲ, ಸುಗ್ಗಿಯಲ್ಲಿ ಕಬ್ಬಿನ ಒಣ ರವದಿ ಸುಡುವುದಿಲ್ಲ. ಇದು ಬಾವಲಿಗಳನ್ನು ಎಬ್ಬಿಸಬಾರದೆಂಬ ಆ ಮನೆಯ ವ್ರತವಾಗಿ ಶುರುವಾಗಿ ಊರಿನ ರೂಢಿಯಾಗಿದ್ದದ್ದು. ಎಲ್ಲರಿಗೂ ಇಷ್ಟವಿತ್ತೆಂದಲ್ಲ. ಪಕ್ಕದಲ್ಲಿ ಪೇರಲ ತೋಟ ಮಾಡಿದ ರೈತರೊಬ್ಬರು ಪ್ರತಿ ವರ್ಷ ಬಾವಲಿಗಳಿಗೆ ಬಯ್ಯುತ್ತಿದ್ದರು. ಆದರೆ ಅವರ ಮಗಳ ಮದುವೆಯ ಬ್ಯಾಂಡೂ ಅಲ್ಲಿ ಸುಮ್ಮನಾಗಿಯೇ ಹೋಗಿತ್ತು.

ನಾನು ಹೋದಾಗ ಗೆಳೆಯ ಅಂಗಳದಲ್ಲಿ ಎತ್ತಿನ ಹಗ್ಗ ಹೊಸೆಯುತ್ತಿದ್ದ.

“ಏನಪಾ ಪೇಪರ, ಇಷ್ಟ ದೂರ ಬಂದಿ? ನಮ್ಮೂರಾಗ ಯಾರರೆ ಸತ್ತಾರೇನು, ನಮಗ ತಿಳೀದಂಗ?”

ವಿಷಯ ಹೇಳಿದೆ. ಅವನು ಒಳಗೆ ಹೋಗಿ ತನ್ನ ತಾಯಿಯನ್ನು ಕರೆದ. ಮನೆಯಲ್ಲಿ ಎಲ್ಲರೂ ಅವರನ್ನು ಆಯಿ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತಿದ್ದೆ. ಹೊಲದ ವ್ಯವಹಾರವೆಲ್ಲ ಅವರದೇ.

“ಸಿನಿಮಾ ಅಂದ್ರ ಹಾಡ, ಕುಣತ ಇರತಾವಲ್ಲಪಾ?” ಎಂದರು ಆಯಿ.

“ಇಲ್ರಿ ಆಯಿ. ಸಂಜಿಕ ಅವು ಎದ್ದ ಹೊಂಟಾಗ ದೂರ ನಿಂತ ತಕ್ಕೋತಾರಂತ. ಗದ್ದಲ ಇರೂದಿಲ್ಲ.”

“ಈಗ ಮರಿ ಅದಾವ. ತಾಯಿ ಎದಿಗೆ ಕಚಗೊಂಡ ಇರತಾವ. ಹಗಲ ಎಬ್ಬಿಸಿದ್ರ ಒಂದೂ ಉಳಿಯಾಂಗಿಲ್ಲ. ಸಪ್ಪಳ ಇಲ್ಲ, ಹೊಗಿ ಇಲ್ಲ, ಕಲ್ಲ ಒಗಿಯೂದಿಲ್ಲ. ಆದೀತ?”

“ಆದೀತ್ರಿ. ನಾ ಅಲ್ಲೇ ಇರ್ತೇನ್ರಿ.”

“ನೀ ಇರ್ತಿ ಅಂದ್ರ ಬಿಡತೇನಿ. ಅವರ ಯಾರೊ ನನಗ ಗೊತ್ತಿಲ್ಲ, ನೀ ಗೊತ್ತದಿ.” ನಂತರ ಸೊಸೆಯನ್ನು ಕರೆದು, “ಇವಗ ಮಜ್ಜಿಗಿ ಕೊಡ, ಬಿಸಲಾಗ ಬಂದಾನ,” ಎಂದರು.

ಅವರ ಮೂರೂ ಷರತ್ತುಗಳನ್ನು ನಿರ್ದೇಶಕರಿಗೆ ಹಾಗೆಯೇ ತಲುಪಿಸಿದೆ. ಇಲ್ಲಿಯ ತನಕ ನಾನು ತಪ್ಪು ಮಾಡಿರಲಿಲ್ಲ.

ಎರಡು ಸಂಜೆ ಚಿತ್ರೀಕರಣ ನಡೆಯಿತು. ತೊಂದರೆ ಬೆಳಕಿನದು. ಬಾವಲಿಗಳು ಏಳುವುದು ಸೂರ್ಯ ಮುಳುಗಿ ಅರ್ಧ ಗಂಟೆಯಾದ ಮೇಲೆ. ಅಷ್ಟು ಹೊತ್ತಿಗೆ ಛಾಯಾಗ್ರಾಹಕರ ಕೈಯಲ್ಲಿದ್ದ, ಬೆಳಕು ಅಳೆಯುವ ಮೀಟರಿನ ಮುಳ್ಳು ಏಳುತ್ತಲೇ ಇರಲಿಲ್ಲ. ಕಡಿಮೆ ಬೆಳಕಿಗೆಂದೇ ತಂದ ರೀಲು ಹಾಕಿದರು, ಲೆನ್ಸಿನ ಕಿಂಡಿ ಪೂರ್ತಿ ತೆರೆದರು. ಆದರೂ ಕಪ್ಪು ಆಕಾಶದ ಮೇಲೆ ಕಪ್ಪು ಚುಕ್ಕೆ ಬಿಟ್ಟರೆ ಏನೂ ಬರುವುದಿಲ್ಲವೆಂದರು. ರೀಲುಗಳು ಮದ್ರಾಸಿಗೆ ಹೋಗಿ ತೊಳೆದು ಬರಲು ಹತ್ತು ದಿನ; ಅಲ್ಲಿಯವರೆಗೆ ಕಾದು ನೋಡುವಂತಿರಲಿಲ್ಲ. ಎರಡನೆಯ ಸಂಜೆ ಜೀಪಿನಲ್ಲಿ ಗೋಕಾಕಕ್ಕೆ ಮರಳುವಾಗ ಮ್ಯಾನೇಜರ್ ಹೇಳಿದರು, “ಹಗಲು ಒಂದೇ ಒಂದು ಸಲ ಎದ್ದರೆ ಸಾಕು ಸಾರ್. ಐದು ನಿಮಿಷ. ಆಮೇಲೆ ಅವೇ ಕೂತ್ಕೋತವೆ.”

“ಮನೆಯವರು ಒಪ್ಪುವುದಿಲ್ಲ,” ಎಂದೆ.

“ಮನೆಯವರು ಯಾವಾಗಲೂ ಅಲ್ಲೇ ಇರ್ತಾರಾ?”

ಅವರು ಕೇಳಿದ್ದು ಅಷ್ಟೇ. ಮುಂದಿನ ಬುಧವಾರ ಆಯಿ, ಗೆಳೆಯ, ಅವನ ಹೆಂಡತಿ ಎಲ್ಲರೂ ಹುಕ್ಕೇರಿ ಕಡೆಯ ಬೀಗರ ಮನೆಯ ಮದುವೆಗೆ ಹೋಗುವವರಿದ್ದರು. ಗೆಳೆಯ ನನ್ನನ್ನೂ ಕರೆದಿದ್ದ, ಬರುತ್ತೇನೆ ಎಂದಿದ್ದೆ. ನಾನು ಜೀಪಿನ ಕಿಟಕಿಯಿಂದ ಹೊರಗೆ ನೋಡುತ್ತ, “ಬುಧವಾರ ಯಾರೂ ಇರೋದಿಲ್ಲ,” ಎಂದೆ. ಯಾರೂ ನನ್ನನ್ನು ಒತ್ತಾಯಿಸಿರಲಿಲ್ಲ. ಬೆದರಿಸಿರಲಿಲ್ಲ.

ಇಲ್ಲಿ ನಮ್ಮ ಕಸುಬಿನ ಒಂದು ರೂಢಿ ಹೇಳಬೇಕು. ಆಗ ತಾಲ್ಲೂಕಿನ ವರದಿಗಾರರು ಸುದ್ದಿಯನ್ನು ಲಕೋಟೆಯಲ್ಲಿ ಹಾಕಿ ಬೆಳಗಾವಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆವು. ಅಲ್ಲಿ ಕಚೇರಿಯ ಆಳು ಬಂದು ಇಳಿಸಿಕೊಳ್ಳುತ್ತಿದ್ದ. ಗೋಕಾಕದಿಂದ ಮಧ್ಯಾಹ್ನ ಹನ್ನೆರಡೂ ನಲವತ್ತಕ್ಕೆ ಬಿಡುವ ಬಸ್ಸು ನಮ್ಮದು. ಅದು ತಪ್ಪಿದರೆ ಮರುದಿನದ ಪುಟ ತಪ್ಪಿದಂತೆ. ಹೀಗಾಗಿ ಸಂಜೆ ನಾಲ್ಕಕ್ಕೆ ನಡೆಯುವ ಸನ್ಮಾನ ಸಮಾರಂಭವನ್ನು ನಾವು ಬೆಳಿಗ್ಗೆ ಹನ್ನೊಂದಕ್ಕೇ ಬರೆದುಬಿಡುತ್ತಿದ್ದೆವು. ‘ಅಧ್ಯಕ್ಷತೆ ವಹಿಸಿದ್ದರು’, ‘ಪ್ರಾಸ್ತಾವಿಕವಾಗಿ ಮಾತನಾಡಿದರು’, ‘ವಂದಿಸಿದರು’. ಆಮಂತ್ರಣ ಪತ್ರಿಕೆ ಮುಂದಿಟ್ಟುಕೊಂಡರೆ ಸಾಕು. ಅತಿಥಿ ಬಾರದೇ ಹೋದ ಸಮಾರಂಭದಲ್ಲಿಯೂ ನಮ್ಮ ಪುಟದಲ್ಲಿ ಅವರು ಮಾತನಾಡಿದ್ದಾರೆ. ಇದನ್ನು ನಾವು ಸುಳ್ಳು ಎಂದು ಭಾವಿಸಿರಲಿಲ್ಲ. ಬಸ್ಸಿನ ಅನಿವಾರ್ಯತೆ ಎನ್ನುತ್ತಿದ್ದೆವು.

ಬುಧವಾರ ಬೆಳಿಗ್ಗೆ ಮ್ಯಾನೇಜರ್ ಒಂದು ಹಾಳೆ ತಂದುಕೊಟ್ಟರು. ಚಿತ್ರೀಕರಣದ ವೇಳೆ ಬಾವಲಿಗಳು ಏಕಾಏಕಿ ಎರಗಿದವು, ನಾಯಕನಟನಿಗೆ ಗಾಯವಾಯಿತು, ತಂಡ ಕೂದಲೆಳೆಯಲ್ಲಿ ಪಾರಾಯಿತು. “ಪಬ್ಲಿಸಿಟಿಗೆ ಸಾರ್. ಚಿತ್ರದ ಕಥೆಯೇ ನಿಜವಾದ ಹಾಗೆ ಇರುತ್ತೆ.” ನಾನು ಅದನ್ನು ನಮ್ಮ ಪುಟದ ಭಾಷೆಗೆ ತಿದ್ದಿದೆ. ಊರಿನ ಹೆಸರು ಸೇರಿಸಿದೆ. ‘ಮಕ್ಕಳು, ವೃದ್ಧರು ಆ ದಾರಿಯಲ್ಲಿ ಓಡಾಡಲು ಹೆದರುವಂತಾಗಿದೆ’ ಎಂಬ ಕೊನೆಯ ಸಾಲು ಅವರ ಹಾಳೆಯಲ್ಲಿ ಇರಲಿಲ್ಲ, ಅದು ನನ್ನದು. ಇಂಥ ಸುದ್ದಿಗೆ ಇಂಥ ಕೊನೆಯ ಸಾಲು ಎಂದು ಕೈಗೆ ರೂಢಿಯಾಗಿತ್ತು. ಕಾರ್ಬನ್ ಪ್ರತಿಯ ಮೂಲೆಯಲ್ಲಿ ದಿನಾಂಕ, ‘೧೨.೪೦ ಗಾಡಿ’ ಎಂದು ಬರೆದು ಫೈಲಿಗೆ ಹಾಕಿದೆ. ಮೂಲ ಪ್ರತಿ ಕಂಡಕ್ಟರ್ ಕೈಗೆ ಹೋಯಿತು. ನಾನು ಜೀಪು ಹತ್ತಿದೆ.

ಚಿತ್ರೀಕರಣ ಶುರುವಾದಾಗ ಎರಡೂವರೆ. ಏಪ್ರಿಲ್ ಬಿಸಿಲು. ಬಾವಲಿಗಳು ರೆಕ್ಕೆಗಳಿಂದ ಗಾಳಿ ಹಾಕಿಕೊಳ್ಳುತ್ತ ನೇತಾಡುತ್ತಿದ್ದವು. ತಂಡದ ಸ್ಫೋಟದ ಕೆಲಸದವರು ಎರಡು ಖಾಲಿ ತಗಡಿನ ಡಬ್ಬಿಗಳೊಳಗೆ ಪಟಾಕಿ ಸರ ಇಳಿಬಿಟ್ಟು ಮರಗಳ ಎರಡೂ ತುದಿಗೆ ಇಟ್ಟರು. ಡಬ್ಬಿಯೊಳಗೆ ಸಿಡಿದರೆ ಸದ್ದು ಹೆಚ್ಚು. ಎರಡು ಕ್ಯಾಮೆರಾ: ಒಂದು ಆಕಾಶದ ಕಡೆ, ಇನ್ನೊಂದು ಓಡುವ ನಟರ ಕಡೆ. ಊರಿನ ಹತ್ತಿಪ್ಪತ್ತು ಜನ ಕಾಲುವೆಯ ಕಟ್ಟೆಯ ಮೇಲೆ ನಿಂತಿದ್ದರು. ಅವರಲ್ಲಿ ಒಬ್ಬ ಮುದುಕ ನನ್ನನ್ನು ಕೇಳಿದ:

“ಸಾಹೇಬ್ರ, ಆ ಮನ್ಯಾವರಿಗೆ ಗೊತ್ತೈತ್ರ್ಯಾ ಇದು?”

“ಗೊತ್ತೈತಿ,” ಎಂದೆ.

ಡಬ್ಬಿಗಳು ಸಿಡಿದವು. ಎಂಟೂ ಮರಗಳು ಒಮ್ಮೆಗೇ ಖಾಲಿಯಾದವು. ನೆಲದ ಮೇಲೆ ನೆರಳುಗಳು ಓಡತೊಡಗಿದವು, ಎಷ್ಟೆಂದರೆ ಬಿಸಿಲು ಮಿಣುಕಿದಂತೆ ಕಾಣುತ್ತಿತ್ತು. ನಟರು ತಲೆಯ ಮೇಲೆ ಕೈ ಇಟ್ಟು ಕಿರುಚುತ್ತ ಓಡಿದರು. ಒಂದು ಬಾವಲಿಯೂ ಅವರ ಹತ್ತಿರ ಬರಲಿಲ್ಲ. ಎಲ್ಲವೂ ಮೇಲೆ, ಬಹಳ ಮೇಲೆ ಸುತ್ತುತ್ತಿದ್ದವು. ಆಮೇಲೆ ಮರಿಗಳು ಬೀಳತೊಡಗಿದವು. ಮೊದಲು ಹುಣಸೆಕಾಯಿ ಉದುರುತ್ತಿವೆ ಎಂದುಕೊಂಡೆ. ಸದ್ದು ಹಾಗೇ ಇತ್ತು.

“ಇನ್ನೊಂದ್ಸಲ,” ಎಂದರು ನಿರ್ದೇಶಕರು. ಕೆಲವು ಬಾವಲಿಗಳು ಮರಕ್ಕೆ ಮರಳಿ ಮರಿ ಹುಡುಕುತ್ತಿದ್ದ ಹೊತ್ತು ಅದು. ನಾನು ಅವರ ಪಕ್ಕದಲ್ಲಿಯೇ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಡಬ್ಬಿಗಳು ಎರಡನೆಯ ಸಲ ಸಿಡಿದವು. ಇದಾದ ಮೇಲೆ ಬಾವಲಿಗಳು ಕಾಲುವೆ ದಾಟಿ ಪಶ್ಚಿಮಕ್ಕೆ ಹೋದವು. ಕಣ್ಣಿಗೆ ಕಾಣುವಷ್ಟು ದೂರ ನೋಡಿದೆ.

ಓಡುವಾಗ ನಾಯಕನಟನ ಮೊಣಕೈಗೆ ಜಾಲಿಮುಳ್ಳು ಗೀರಿ ರಕ್ತ ಬಂದಿತ್ತು. ಅದನ್ನು ಕಂಡಾಗ ನನಗೆ ಆದದ್ದು ಸಮಾಧಾನ. ಕಳಿಸಿದ ಸುದ್ದಿಯಲ್ಲಿ ಒಂದು ಸಾಲಾದರೂ ನಿಜವಾಯಿತಲ್ಲ ಎಂದುಕೊಂಡೆ. ಮರಗಳ ಕೆಳಗೆ ಬಿದ್ದ ಮರಿಗಳನ್ನು ಎಣಿಸಲಿಲ್ಲ. ಬಸ್ಸು ಉರುಳಿದರೆ, ಗೋಡೆ ಕುಸಿದರೆ, ಸ್ಥಳಕ್ಕೆ ಹೋಗಿ ಮೊದಲು ಎಣಿಸುವುದು ನನ್ನ ಕೆಲಸವಾಗಿತ್ತು. ಅವತ್ತು ಎಣಿಸಲಿಲ್ಲ.

ಕುಲಗೋಡದಲ್ಲಿ ಜೀಪು ಚಹಾಕ್ಕೆ ನಿಂತಿತು. ಅಲ್ಲಿ ಎಸ್.ಟಿ.ಡಿ. ಬೂತ್ ಇತ್ತು. ಗಂಟೆ ಐದಾಗಿರಲಿಲ್ಲ, ಪುಟ ಮುಗಿಯುವುದು ಎಂಟಕ್ಕೆ. ಬೆಳಗಾವಿ ಕಚೇರಿಯ ನಂಬರ್ ತಿರುಗಿಸಿದೆ. ಎಂಗೇಜ್ ಬಂತು. ಹೊರಗೆ ಬಂದು ಚಹಾ ಕುಡಿದೆ. ಎರಡನೆಯ ಸಲ ತಿರುಗಿಸಲಿಲ್ಲ.

ಸುದ್ದಿ ಬಂದ ದಿನ ತಂಡದವರು ಲಾಡ್ಜಿನಲ್ಲಿ ಪತ್ರಿಕೆಯ ಹತ್ತು ಪ್ರತಿ ತರಿಸಿದರು. ಎರಡು ದಿನ ಬಿಟ್ಟು ಗೋಕಾಕ ಬಿಟ್ಟು ಹೋದರು. ಅದರ ಮರುದಿನ ಗೆಳೆಯ ಬಂದ. ಮನೆಯೊಳಗೆ ಬರಲಿಲ್ಲ. ಬಾಗಿಲಲ್ಲಿ ಸೈಕಲ್ ಹಿಡಿದು ನಿಂತೇ ಮಾತಾಡಿದ.

“ಮದುವಿಗೆ ಬರತೇನಿ ಅಂದಿದ್ದಿ. ಯಾಕ ಬರಲಿಲ್ಲ ಅಂತ ಈಗ ತಿಳೀತು.”

ಒಳಗೆ ಬಾ ಎಂದೆ. ಅವನು ಕದಲದೆ ಮುಂದುವರಿಸಿದ.

“ನಾವು ಸಂಜಿಮುಂದ ಬಂದ್ವಿ. ಆಯಿ ಉಟ್ಟ ಸೀರಿ ಬಿಚ್ಚಲಿಲ್ಲ, ಹಂಗs ಹೋದ್ಳು. ಜೀವ ಇದ್ದ ಮರಿ ಮೊರದಾಗ ಆರಸಿ ತಗೊಂಡು, ತೆಳಗಿನ ಟೊಂಗಿಗೆ ಗೋಣಿಚೀಲಾ ಕಟ್ಟಿ ಅದಕ್ಕ ತೂಗ ಹಾಕಿದ್ಳು. ತಾಯಿ ಬಂದ್ರ ಒಯ್ಯಲಿ ಅಂತ. ಹದಿನೇಳ ಇದ್ದೂವು. ಬೆಳಗಾಗೂದ್ರಾಗ ಆರನ್ನ ತಾಯಿ ಬಂದ ಒಯ್ದಿದ್ದೂವು.”

“ಸತ್ತದ್ದು?” ಎಂದೆ.

“ಅದನ್ನ ಆಕಿ ಹೇಳಾಂಗಿಲ್ಲ. ನಾ ಕೇಳಾಂಗಿಲ್ಲ.”

ಆಯಿ ನನ್ನ ಬಗ್ಗೆ ಏನೆಂದರು ಎಂದು ಕೇಳಿದೆ. ಅವನು ಸೈಕಲ್ಲಿನ ಬ್ರೇಕ್ ಒತ್ತಿ ಬಿಟ್ಟ.

“‘ನಾನs ಬಿಟ್ಟೇನಲ್ಲೊ’ ಅಂದ್ಳು. ಅಷ್ಟs.”

ಅವನು ಬಂದದ್ದು ಜಗಳಕ್ಕಲ್ಲ. ಪೇರಲ ತೋಟದವರು ನನ್ನ ಸುದ್ದಿಯನ್ನು ಕತ್ತರಿಸಿ, ಅದರ ಹಿಂದೆ ಅರ್ಜಿ ಹಚ್ಚಿ ಪಂಚಾಯ್ತಿಗೆ ಕೊಟ್ಟಿದ್ದರು. ಬಾವಲಿಗಳು ಜನರ ಮೇಲೆ ಎರಗುತ್ತಿವೆ, ಅವು ಮತ್ತೆ ಬಂದು ಕೂರುವ ಮೊದಲು ಗಾಂವಠಾಣ ಜಾಗದ ಐದೂ ಮರ ಕಡಿಸಬೇಕು ಎಂಬುದು ಅರ್ಜಿ. ಮುಂದಿನ ವಾರ ಸಭೆ. ಆಯಿಗೆ ಒಂದೇ ಆಸೆ ಉಳಿದಿತ್ತು: ಮರ ಇದ್ದರೆ ಅವು ತಿರುಗಿ ಬಂದಾವು.

“ನೀ ಬರದದ್ದ ಸುಳ್ಳ ಅಂತ ನೀನs ಬರಿ. ಮತ್ತೇನೂ ಬ್ಯಾಡ. ಕ್ಷಮಾ ಗಿಮಾ ಬ್ಯಾಡ,” ಎಂದ.

ಜಿಲ್ಲಾ ಪುಟದ ಉಪಸಂಪಾದಕರಿಗೆ ಫೋನ್ ಮಾಡಿದೆ. ಮೊದಲು ನಕ್ಕರು.

“ತಿದ್ದುಪಡಿ ಯಾರ್ ಕೇಳ್ಯಾರ? ಸಿನಿಮಾದವರು ಕೇಳಿಲ್ಲ. ಬಾವಲಿ ಅರ್ಜಿ ಕೊಟ್ಟಾವೇನ್ರಿ?”

ವಿವರ ಹೇಳಿದ ಮೇಲೆ ನಗು ನಿಂತಿತು. ತಿದ್ದುಪಡಿ ಹಾಕಿದರೆ, ಘಟನೆಗೆ ಮೊದಲೇ ವರದಿ ಬರೆಯಲಾಗಿತ್ತು ಎಂದು ಹಾಕಬೇಕಾಗುತ್ತದೆ. ಹಾಗೆ ಹಾಕಿದ ಮೇಲೆ ನಿಮ್ಮನ್ನು ಇಟ್ಟುಕೊಳ್ಳಲು ಆಗುವುದಿಲ್ಲ ಎಂದರು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. “ಎಲ್ಲಾರೂ ಬಸ್ಸಿಗಿಂತ ಮೊದಲs ಬರೀತೀವ್ರಿ. ನೀವು ಬಾಯಿ ಬಿಟ್ರ ಎಲ್ಲಾರ ಮ್ಯಾಲೂ ಬರತೈತಿ. ನಾಕ ದಿನಾ ಸುಮ್ನಿರ್ರಿ.”

ನಾಲ್ಕು ದಿನ ಸುಮ್ಮನಿದ್ದೆ. ಐದನೆಯ ದಿನವೂ. ಆ ವಾರ ನಾನು ಬರೆದ ಸುದ್ದಿಗಳ ಕಾರ್ಬನ್ ಪ್ರತಿಗಳು ಈಗಲೂ ಇವೆ: ಕುಡಿಯುವ ನೀರಿನ ಸಮಸ್ಯೆ, ಹಿಡಕಲ್ ಜಲಾಶಯದ ನೀರಿನ ಮಟ್ಟ, ಒಂದು ವಾರ್ಷಿಕೋತ್ಸವ. ವಾರ್ಷಿಕೋತ್ಸವವನ್ನು ಬಸ್ಸಿಗಿಂತ ಮೊದಲೇ ಬರೆದಿದ್ದೆ.

ಸಭೆಯ ಹಿಂದಿನ ದಿನ ಮಧ್ಯಾಹ್ನ ಆ ಊರಿಗೆ ಹೋದೆ. ಗೆಳೆಯನ ಮನೆಗೆ ಹೋಗುವ ಧೈರ್ಯವಾಗದೆ ಕಾಲುವೆಯ ಕಟ್ಟೆಯ ಮೇಲೆ ಕುಳಿತೆ. ಟೊಂಗೆಗಳಿಗೆ ಕಟ್ಟಿದ ಗೋಣಿಚೀಲಗಳು ಹಾಗೆಯೇ ಇದ್ದವು. ಮರಗಳಲ್ಲಿ ಏನೂ ಇರಲಿಲ್ಲ. ಶಾಲೆ ಬಿಟ್ಟಿತ್ತು. ಇಬ್ಬರು ಹುಡುಗಿಯರು ಪಾಟಿಚೀಲಗಳನ್ನು ತಲೆಯ ಮೇಲೆ ಹೊತ್ತುಕೊಂಡು, ಕಣ್ಣು ಮುಚ್ಚಿದಂತೆ ಮಾಡಿ ಮರಗಳ ಕೆಳಗೆ ಓಡಿ ಬಂದರು. ದಾಟಿದ ಮೇಲೆ ನಿಂತು ಉಸಿರು ಬಿಟ್ಟರು.

“ಯಾಕವಾ ಓಡತೀರಿ?” ಎಂದೆ.

“ಬಾವಲಿ ಕಣ್ಣ ಕೀಳತಾವಂತ್ರಿ.”

“ಯಾರ ಹೇಳಿದ್ರು?”

ದೊಡ್ಡವಳು ನನ್ನನ್ನು ದಡ್ಡನೆಂಬಂತೆ ನೋಡಿದಳು. “ಪೇಪರದಾಗ ಬಂದೈತಲ್ರಿ. ಗುರುಗಳು ಓದಿ ಹೇಳಿದ್ರು.”

“ಗಿಡದಾಗ ಬಾವಲಿ ಇಲ್ಲಲ್ಲವಾ ಈಗ?”

“ಇಲ್ರಿ. ಆದ್ರ ಬರತಾವಂತ,” ಎಂದಳು ಸಣ್ಣವಳು. ಇಬ್ಬರೂ ಮತ್ತೆ ಓಡಿದರು, ಮುಂದಿನ ದಾರಿಯಲ್ಲಿ ಮರಗಳೇ ಇರದಿದ್ದರೂ.

ಮರುದಿನ ಬೆಳಿಗ್ಗೆ ಫೈಲಿನಿಂದ ಕಾರ್ಬನ್ ಪ್ರತಿ ತೆಗೆದುಕೊಂಡು ಸಭೆಗೆ ಹೋದೆ. ಹಿಂದೆ ಅದೇ ಕೋಣೆಯಲ್ಲಿ ನನಗೆ ಮೊದಲ ಸಾಲಿನ ಕುರ್ಚಿ ಕೊಡುತ್ತಿದ್ದರು, ಅವತ್ತೂ ಕೊಟ್ಟರು. ಕೂರಲಿಲ್ಲ. ಗೆಳೆಯ ಬಾಗಿಲ ಹತ್ತಿರ ನಿಂತಿದ್ದ. ಅಧ್ಯಕ್ಷರ ಅಪ್ಪಣೆ ಕೇಳಿ, ಪ್ರತಿಯ ಮೂಲೆಯಲ್ಲಿದ್ದ ದಿನಾಂಕ, ವೇಳೆ ಎರಡನ್ನೂ ಮೊದಲು ಓದಿದೆ. ನಂತರ ಸುದ್ದಿ ಓದಿದೆ. ಚಿತ್ರೀಕರಣ ನಡೆದದ್ದು ಎರಡೂವರೆಗೆ, ನಾನು ಇದನ್ನು ಬಸ್ಸಿಗೆ ಕೊಟ್ಟದ್ದು ಹನ್ನೆರಡೂ ನಲವತ್ತಕ್ಕೆ, ದಾಳಿ ನಡೆಯಲಿಲ್ಲ, ಪಟಾಕಿ ಹಾರಿಸಿ ಅವನ್ನು ಎಬ್ಬಿಸಿದ್ದು ತಂಡ, ಮನೆಯವರು ಇಲ್ಲದ ದಿನ ಹೇಳಿಕೊಟ್ಟವನು ನಾನು ಎಂದು ಹೇಳಿದೆ. ಎರಡು ನಿಮಿಷವೂ ಹಿಡಿಯಲಿಲ್ಲ.

ಹಿಂದಿನ ಸಾಲಿನ ಸದಸ್ಯರೊಬ್ಬರು, “ಅಂದ್ರ ಆಗೂದರಕಿಂತ ಮೊದಲs ಬರದ್ರ್ಯಾ? ಹಂಗಾದ್ರ ಈ ವರ್ಸ ಮಳಿ ಯಾವಾಗ ಬರತೈತಿ ಅದನ್ನೂ ಬರೀರಿ ಸಾಹೇಬ್ರ, ಬಿತ್ತಾಕ ಅನುಕೂಲ ಆಕ್ಕೇತಿ,” ಎಂದರು. ಕೋಣೆ ನಕ್ಕಿತು. ಪೇರಲ ತೋಟದವರು ನಗಲಿಲ್ಲ. ಎದ್ದು ನಿಂತು ನನ್ನ ಕಡೆ ತಿರುಗಿ ಶಾಂತವಾಗಿಯೇ ಕೇಳಿದರು:

“ಅವತ್ತ ಬರದದ್ದ ಸುಳ್ಳಂತೀರಿ. ಇವತ್ತ ಹೇಳೂದು ಖರೆ ಅಂತ ನಾವು ಹೆಂಗ ನಂಬೂದ್ರಿ?”

ನಾನು ಕಾರ್ಬನ್ ಪ್ರತಿಯನ್ನು ಅಧ್ಯಕ್ಷರ ಮುಂದೆ ಇಟ್ಟೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. “ಬಾಯಿಲೆ ಹೇಳಿದ್ರ ಅರ್ಜಿ ವಜಾ ಮಾಡಾಕ ಬರೂದಿಲ್ರಿ. ಪೇಪರದಾಗ ಬಂದದ್ದ ಪೇಪರದಾಗs ಹೋಗ್ಬೇಕು. ಎಂಟ ದಿನಾ ಟೈಮ್ ಕೊಡತೀನಿ. ತರ್ರಿ,” ಎಂದರು.

ಹೊರಗೆ ಬಂದಾಗ ಗೆಳೆಯ, “ಮೊದಲs ಬರಬೇಕಿತ್ತ ನೀ,” ಎಂದ. ಸೈಕಲ್ ಹತ್ತಿ ಹೋದ.

ಆ ದಿನದ ಹನ್ನೆರಡೂ ನಲವತ್ತರ ಬಸ್ಸು ಆಗಲೇ ತಪ್ಪಿತ್ತು. ತಿದ್ದುಪಡಿಯನ್ನು ನನ್ನ ಹೆಸರಿನಲ್ಲಿ ಬರೆದು, ಜೊತೆಗೆ ರಾಜೀನಾಮೆ ಇಟ್ಟು, ನಾನೇ ಮೂರು ಗಂಟೆಯ ಬಸ್ಸಿನಲ್ಲಿ ಬೆಳಗಾವಿಗೆ ಒಯ್ದು ಕೊಟ್ಟೆ. ರಾಜೀನಾಮೆ ಅಂದೇ ಅಂಗೀಕಾರವಾಯಿತು. ತಿದ್ದುಪಡಿಯನ್ನು ಮೇಲಿನವರು ನೋಡಬೇಕೆಂದರು. ದಿನಾ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಪತ್ರಿಕೆ ಕೊಂಡು ನಿಂತಲ್ಲೇ ಬಿಡಿಸಿ ನೋಡುತ್ತಿದ್ದೆ. ಆರನೆಯ ದಿನ ಫೋನ್ ಮಾಡಿದೆ. ಎಂಟನೆಯ ದಿನ ಮತ್ತೆ ಬೆಳಗಾವಿಗೆ ಹೋದೆ. ಅದು ಪ್ರಕಟವಾದದ್ದು ಹನ್ನೊಂದನೆಯ ದಿನ, ಆರನೆಯ ಪುಟದಲ್ಲಿ, ನಾಲ್ಕು ಸಾಲು. ನನ್ನ ಹೆಸರು ತೆಗೆದಿದ್ದರು. ‘ವರದಿಯಲ್ಲಿ ಕೆಲವು ಅಂಶಗಳು ತಪ್ಪಾಗಿ ನಮೂದಾಗಿದ್ದವು’ ಎಂದಿತ್ತು. ಯಾವ ಅಂಶಗಳು ಎಂದಿರಲಿಲ್ಲ.

ಪಂಚಾಯ್ತಿ ಒಂಬತ್ತನೆಯ ದಿನ ಐದು ಮರಗಳನ್ನು ಕಡಿಸಿತ್ತು. ಕಟ್ಟಿಗೆ ಬೆಲ್ಲದ ಗಾಣಗಳಿಗೆ ಹೋಯಿತು.

ಚಿತ್ರ ಮರುವರ್ಷ ತೆರೆ ಕಂಡಿತು. ಗೋಕಾಕದಲ್ಲಿ ಒಂದು ವಾರ ಓಡಿತು. ನಾನು ಎರಡನೆಯ ದಿನದ ಮ್ಯಾಟಿನಿಗೆ ಹೋದೆ. ಆ ದೃಶ್ಯ ಒಂದೂವರೆ ನಿಮಿಷ ಇದೆ. ಪಟಾಕಿಯ ಸದ್ದು ತೆಗೆದು ಅಲ್ಲಿ ಬೇರೆ ಕಿರುಚಾಟ ಸೇರಿಸಿದ್ದಾರೆ. ನೆರಳುಗಳು ನೆಲದ ಮೇಲೆ ಓಡುವುದು ಚೆನ್ನಾಗಿ ಬಂದಿದೆ. ಚಿತ್ರಮಂದಿರದಲ್ಲಿ ಹೆಂಗಸರು ಮುಖ ಮುಚ್ಚಿಕೊಂಡರು. ಒಂದು ಕಡೆ, ಬಲ ಅಂಚಿನಲ್ಲಿ, ಮರದಿಂದ ಏನೋ ಕೆಳಗೆ ಬೀಳುವುದು ಕಾಣುತ್ತದೆ. ಗೊತ್ತಿದ್ದವರಿಗೆ ಮಾತ್ರ ಅದೇನೆಂದು ತಿಳಿಯುತ್ತದೆ. ನನ್ನ ಪಾತ್ರವನ್ನು ಕತ್ತರಿಸಿದ್ದರು. ಕೃತಜ್ಞತೆಯ ಪಟ್ಟಿಯಲ್ಲಿ ನನ್ನ ಹೆಸರು ಇದೆ.

ಅಲ್ಲಿಂದಾಚೆ ಒಂದು ಸಹಕಾರಿ ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಮಾಡಿದೆ. ಆಯಿಯ ಮನೆಗೆ ಒಮ್ಮೆ ಹೋದೆ, ೧೯೯೮ರಲ್ಲಿ. ಅವರು ನನ್ನನ್ನು ಒಳಗೆ ಕರೆದು ಕೂರಿಸಿದರು, ಮಕ್ಕಳ ಬಗ್ಗೆ ಕೇಳಿದರು, ಊಟ ಮಾಡಿ ಹೋಗು ಎಂದರು. ಮರಗಳ ಮಾತು ಎತ್ತಲಿಲ್ಲ. ನಾನು ಎತ್ತಲು ಹೋದಾಗ, “ಉಣ್ಣಪಾ, ಆರತೈತಿ,” ಎಂದರು. ಅವರ ಮನೆಯ ಜೋಳದ ರೊಟ್ಟಿಯನ್ನು ನಾನು ತಲೆ ಎತ್ತದೆ ತಿಂದು ಮುಗಿಸಿದೆ. ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡ ಸುದ್ದಿ ನನಗೆ ಪತ್ರಿಕೆಯ ಮೂಲಕ ತಿಳಿಯಿತು.

ಮನೆಯವರ ಹೊಲದ ಮೂರು ಮರಗಳು ಉಳಿದಿವೆ. ೨೦೦೭ರ ಫೆಬ್ರುವರಿಯಲ್ಲಿ ಗೆಳೆಯ ಫೋನ್ ಮಾಡಿದ. ಒಂಬತ್ತು ವರ್ಷಗಳಲ್ಲಿ ಅದು ಮೊದಲನೆಯ ಸಲ. “ಕಾಲವಿ ಬಾಜೂಕಿನ ಗಿಡದಾಗ ಹನ್ನೊಂದ ಅದಾವ,” ಎಂದ. ನಾಲ್ಕು ದಿನ ಬಿಟ್ಟು ಹೋಗಿ, ದೂರದಲ್ಲಿ ನಿಂತು ಎಣಿಸಿದೆ. ಏಳು ಇದ್ದವು. ಅವುಗಳಲ್ಲಿ ಎರಡರ ಎದೆಗೆ ಮರಿ ಇತ್ತು.